ಗೇಣುದ್ದದ ಪೈಪು

ಅವಳ ತೋರುಬೆರಳಿನ ಉಗುರಿನಡಿ ಸದಾ ಕೆಮ್ಮಣ್ಣು ಇರುತ್ತಿತ್ತು. ಬಲಗೈಯ ತೋರುಬೆರಳು ಎಂದು ಮೊದಲು ಬರೆದೆ, ಆಮೇಲೆ ಹೊಡೆದುಹಾಕಿದೆ. ಅವಳು ಎಡಚಿ, ಎಡಗೈಯೇ ಇದ್ದಿರಬೇಕು. ಮಿಕ್ಕ ಉಗುರುಗಳೆಲ್ಲ ಶುಭ್ರ. ಇಸ್ತ್ರಿ ಮಾಡಿದ ಯೂನಿಫಾರ್ಮು, ಬಿಗಿಯಾದ ಎರಡು ಜಡೆ, ಎಣ್ಣೆ ಹಚ್ಚಿ ಒರೆಸಿದ ಬೂಟು. ಆ ಒಂದು ಉಗುರು ಮಾತ್ರ ಈಗಷ್ಟೇ ಗೆಣಸು ಅಗೆದು ಬಂದವರದ್ದು. ಕಾಲೇಜಿಗೆ ಹೋಗುವವಳ ಕೈಯಾ ಅದು ಎಂದು ಅವಳ ಅಮ್ಮ ದಿನಾ ಬೈಯುತ್ತಿದ್ದರು. ದಿನಾ ಎಂಬುದೂ ನನ್ನ ಉತ್ಪ್ರೇಕ್ಷೆ ಇರಬಹುದು. ಒಂದೆರಡು ಸಲ ಕೇಳಿದ್ದೇನೆ.

ಅವಳು ನಮ್ಮ ಪಕ್ಕದ ಮನೆಯ ಅಕ್ಕ, ನನಗಿಂತ ಮೂರು ವರ್ಷ ದೊಡ್ಡವಳು. ಅವಳ ಅಪ್ಪ ಮೇಲಿನ ಎಸ್ಟೇಟಿನಲ್ಲಿ ರೈಟರು, ಆಳುಗಳ ಹಾಜರಿ ಮತ್ತು ಬಟವಾಡೆ ನೋಡಿಕೊಳ್ಳುತ್ತಿದ್ದವರು. ನಮ್ಮ ಅಬ್ಬನದು ರಸ್ತೆಬದಿಯ ಜೀಪು ಗ್ಯಾರೇಜು. ಕಳಸದಿಂದ ಸಂಸೆ ಕಡೆಗೆ ಹೋಗುವ ದಾರಿಯ ಒಂದು ತಿರುವಿನ ಮೇಲೆ, ಗುಡ್ಡದ ಅಂಚಿನಲ್ಲಿ, ನಮ್ಮ ಎರಡು ಮನೆಗಳು. ನಾವು ಚಿಕ್ಕವರಿದ್ದಾಗ ರಸ್ತೆ ಅಗಲ ಮಾಡಲು ಆ ಗುಡ್ಡವನ್ನು ಹಲಸಿನಹಣ್ಣು ಸೀಳಿದ ಹಾಗೆ ನೆಟ್ಟಗೆ ಕಡಿದು, ಮಣ್ಣು ಜಾರದಿರಲಿ ಎಂದು ಕಾಂಕ್ರೀಟಿನ ತಡೆಗೋಡೆ ಕಟ್ಟಿದ್ದರು. ಅವಳ ಮನೆಯ ಬಚ್ಚಲು ಆ ಗೋಡೆಯ ನೆತ್ತಿಯ ಮೇಲೇ ಇತ್ತು. ಬಾಯಿ ಮುಕ್ಕಳಿಸಿ ಉಗುಳಿದರೆ ಬಸ್ಸಿನ ಟಾಪಿಗೆ ಬೀಳುತ್ತದೆ ಎಂದು ರೈಟರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಗೋಡೆಯ ಮೈಯಲ್ಲಿ ಅಲ್ಲಲ್ಲಿ ಪೈಪಿನ ಬಾಯಿಗಳು ಕಾಣುತ್ತಿದ್ದವು. ಗುಡ್ಡದೊಳಗೆ ಇಳಿದ ಮಳೆನೀರು ಹೊರಗೆ ಬರಲಿ ಎಂದು ಬಿಡುವ ನೀರುಗಂಡಿಗಳು. ಬಸ್ಸಿಗೆ ಕಾಯುವಾಗ ನಾವೆಲ್ಲ ಮೊಬೈಲು ಹಿಡಿದು ಸಿಗ್ನಲ್ ಹುಡುಕುತ್ತಿದ್ದರೆ ಅವಳು ಕಾಫಿಗಿಡದ ಕಡ್ಡಿಯೊಂದನ್ನು ಮುರಿದುಕೊಂಡು ಒಂದೊಂದೇ ಕಂಡಿಯ ಮಣ್ಣು ಬಗೆಯುತ್ತಿದ್ದಳು. ಕಡ್ಡಿ ಮುರಿದರೆ ಬೆರಳು. ಒಂದು ಗೇಣು ಒಳಗೆ ಹೋದ ಮೇಲೆ ಕಡ್ಡಿ ಮುಂದಕ್ಕೆ ಹೋಗುತ್ತಿರಲಿಲ್ಲ.

“ಒಳಗೆ ಗಟ್ಟಿ ಕೂತಿದೆ ಮಾರಾಯ್ತಿ ಮಣ್ಣು. ಕಬ್ಬಿಣದ ಸಲಾಕೆ ಬೇಕು. ನಿಮ್ಮ ಗ್ಯಾರೇಜಿಂದ ಕದ್ದು ತಾ.”

ತಂದುಕೊಟ್ಟೆ. ಸಲಾಕೆಯೂ ಒಂದು ಗೇಣಿಗೇ ನಿಂತಿತು. ಅವಳು ಸೋಲಲಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸುತ್ತು, ಮಳೆ ನಡುವೆ ಒಂದು ಸುತ್ತು, ಪಿಯುಸಿ ಮುಗಿಯುವವರೆಗೂ ಬಗೆದಳು. ಗೋಡೆ ಬೀಳುವುದು ಮಣ್ಣಿನ ಭಾರಕ್ಕಲ್ಲ, ಒಳಗೆ ಸಿಕ್ಕಿಕೊಂಡ ನೀರಿನ ಭಾರಕ್ಕೆ ಎಂಬುದು ಅವಳ ಮಂತ್ರವಾಗಿತ್ತು. ಯಾವುದೋ ವಿಡಿಯೋದಲ್ಲಿ ಕೇಳಿದ್ದಳಂತೆ. ಬಸ್ಸಿನ ಕಂಡಕ್ಟರಿಗೂ ಹೇಳುತ್ತಿದ್ದಳು, ಮೀನು ಮಾರಲು ಬರುವವನಿಗೂ ಹೇಳುತ್ತಿದ್ದಳು. ಆತ ಒಮ್ಮೆ, ನೀರಿನ ಭಾರ ಹೊತ್ತೇ ನಾನು ಬಂದಿರುವುದು, ಬಂಗುಡೆ ಬೇಕೋ ಬೇಡವೋ ಹೇಳು ಎಂದಿದ್ದ.

ಅವಳ ಯೋಜನೆಯಲ್ಲಿ ಸಡಿಲ ಜಾಗವೇ ಇರಲಿಲ್ಲ. ಪಿಯುಸಿ ವಿಜ್ಞಾನ, ಸಿಇಟಿ, ಸರ್ಕಾರಿ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್. ಆಮೇಲೆ ಮಣ್ಣಿನ ಬಗ್ಗೆಯೇ ಮೇಲಿನ ಓದು. ಆಮೇಲೆ ಪರೀಕ್ಷೆ ಬರೆದು ರಸ್ತೆ ಇಲಾಖೆಗೆ ಸೇರಿ, ವರ್ಗ ಮಾಡಿಸಿಕೊಂಡು ಇದೇ ಘಟ್ಟಕ್ಕೆ ಬರುವುದು. ಗಂಬೂಟು ಹಾಕಿಕೊಂಡೇ ಆಫೀಸಿಗೆ ಹೋಗುವುದು. ನನಗೂ ಅದರಲ್ಲಿ ಹುದ್ದೆ ಇತ್ತು. ನನ್ನನ್ನು ಅವಳು ಕರೆಯುತ್ತಿದ್ದದ್ದೇ ಅಸಿಸ್ಟೆಂಟ್ ಎಂದು.

“ಇಲಾಖೆ ಜೀಪು ನಿಮ್ಮಪ್ಪನ ಹತ್ರಾನೇ ರಿಪೇರಿಗೆ ತರ್ತೀನಿ. ಆದ್ರೆ ಹಾಕದೇ ಇರೋ ಪಾರ್ಟಿಗೆ ಬಿಲ್ ಹಾಕಿದ್ರೆ ಸುಮ್ನೆ ಬಿಡಲ್ಲ, ಹೇಳಿರು ಅವರಿಗೆ.”

ಅಬ್ಬನಿಗೆ ಹೇಳಿದೆ. ಮೊದಲು ಸರ್ಕಾರ ಬಿಲ್ಲು ಪಾಸು ಮಾಡಲಿ, ಆಮೇಲೆ ನೋಡುವ ಎಂದರು.

ಇಷ್ಟು ಬರೆಯುವಾಗಲೇ ಅವಳು ತೀರಾ ಒಳ್ಳೆಯವಳಾಗಿಬಿಡುತ್ತಿದ್ದಾಳೆ. ಹಾಗಿರಲಿಲ್ಲ. ಅವಳಿಗೆ ಜಂಬ ಇತ್ತು. ಕೆಮಿಸ್ಟ್ರಿಯಲ್ಲಿ ಕಡಿಮೆ ಬಂದಾಗ ಅಂಕ ಹೆಚ್ಚಿಸಿ ಹೇಳುತ್ತಿದ್ದಳು. ನಾನು ಲೆಕ್ಕದಲ್ಲಿ ತಪ್ಪಿದರೆ ತಲೆಗೆ ಸ್ಕೇಲಿನಿಂದ ಹೊಡೆದು, ನಿನ್ನಂಥವರು ಕಟ್ಟಿದ ಸೇತುವೆ ಮೇಲೆ ನಾಯಿಯೂ ದಾಟುವುದಿಲ್ಲ ಎನ್ನುತ್ತಿದ್ದಳು. ಒಮ್ಮೆ ನನ್ನ ಹೊಸ ಚಪ್ಪಲಿ ಹಾಕಿಕೊಂಡು ಹೋಗಿ ಉಂಗುಷ್ಠ ಕಿತ್ತು ತಂದು, ಅದರ ವಿನ್ಯಾಸವೇ ಸರಿಯಿಲ್ಲ ಎಂದು ನನಗೇ ಪಾಠ ಮಾಡಿದಳು.

ಸಿಇಟಿಯಲ್ಲಿ ಅವಳಿಗೆ ಯಾರೂ ಎಣಿಸದಷ್ಟು ಒಳ್ಳೆಯ ರ‍್ಯಾಂಕು ಬಂತು. ತೊಂದರೆ ಶುರುವಾದದ್ದು ಅಲ್ಲಿಂದ. ಈ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸೇ ಸಿಗುತ್ತದಲ್ಲ, ಸಿವಿಲ್ ಯಾಕೆ ಎಂದು ಎಲ್ಲರೂ ಕೇಳುವವರೇ. ರೈಟರು ಅವಳನ್ನು ಎಸ್ಟೇಟಿನ ಸಾವ್ಕಾರ್ರ ಹತ್ತಿರ ಬುದ್ಧಿ ಹೇಳಿಸಲು ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋಗಿದ್ದೆ; ಅಥವಾ ಅವಳು ಆಮೇಲೆ ಅಷ್ಟು ಚೆನ್ನಾಗಿ ನಟಿಸಿ ತೋರಿಸಿದ್ದಳೋ ಏನೋ, ಆ ಜಗುಲಿಯ ಬೆತ್ತದ ಕುರ್ಚಿಗಳು ನನಗೆ ಕಣ್ಣಿಗೆ ಕಟ್ಟಿದಂತಿವೆ.

“ಮಣ್ಣು ಹೊರೋದಕ್ಕೆ ಇಂಜಿನಿಯರಿಂಗ್ ಓದ್ಬೇಕೇನಮ್ಮ? ನಮ್ಮ ಆಳುಗಳು ಯಾವ ಕಾಲೇಜಿಗೆ ಹೋಗಿದಾರೆ?” ಎಂದರು ಸಾವ್ಕಾರ್ರು.

“ಹೊರೋದು ಅವ್ರೇ ಸರ್. ಹಾಕಿದ ಮಣ್ಣು ನಿಲ್ಲುತ್ತೋ ಇಲ್ವೋ ಅಂತ ನಾನು ಓದೋದು.”

ಅವರು ನಕ್ಕು ಕಾಫಿ ಕೊಡಿಸಿದರಂತೆ. ಅದಾದ ಮೇಲೆ ಅವಳು ಅಪ್ಪನ ಜೊತೆ ಮಾತುಬಿಟ್ಟಳು. ಕಳಸದ ಸೈಬರ್ ಅಂಗಡಿಯಲ್ಲಿ ಕಾಲೇಜುಗಳ ಆಯ್ಕೆ ತುಂಬುವಾಗ ಅಂಗಡಿಯವನೂ ಎರಡೆರಡು ಸಲ ಕೇಳಿದ. ಅವಳು ಪ್ರತಿ ಸಾಲಿನಲ್ಲೂ ಸಿವಿಲ್ ಎಂದೇ ಹಾಕಿಸಿದಳು. ಸೀಟು ಸಿಕ್ಕಿತು. ಸರ್ಕಾರಿ ಕಾಲೇಜು, ಹಾಸ್ಟೆಲಿನ ಅನುಕೂಲವೂ ಇತ್ತು. ಒಂದು ವಾರದೊಳಗೆ ಶುಲ್ಕ ಕಟ್ಟಿ ಹೋಗಿ ಸೇರಬೇಕಿತ್ತು. ಅವಳ ಅಮ್ಮ ಚಕ್ಕುಲಿ ಸುತ್ತಲು ಕೂತರು.

ಆ ವಾರವೇ ಮಳೆ ಕಚ್ಚಿ ಹಿಡಿಯಿತು. ಒಂದು ಬೆಳಿಗ್ಗೆ ತಿರುವಿನಲ್ಲಿದ್ದ ದೊಡ್ಡ ಮರವೊಂದು ಬುಡಸಮೇತ ಉರುಳಿ, ಗೋಡೆಯ ಆಚೆ ತುದಿಯ ಒಂದು ತುಂಡನ್ನೂ ಕಿತ್ತುಕೊಂಡು ರಸ್ತೆಗೆ ಬಿತ್ತು. ಮನೆಗಳಿಗೆ ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜೆಸಿಬಿ ಬಂತು, ಅದರ ಹಿಂದೆ ಕಂಟ್ರಾಕ್ಟರನ ಕಡೆಯ ಸೈಟ್ ಇಂಜಿನಿಯರು ಬಂದ. ಇನ್ನೂ ಮೀಸೆ ಸರಿಯಾಗಿ ಬಲಿಯದ ಯುವಕ, ಹಳದಿ ರೈನ್‌ಕೋಟು. ನಾನು ಈ ಪ್ರಸಂಗ ಹೇಳಿದಾಗಲೆಲ್ಲ ಅವನು ಸ್ವಲ್ಪ ಸ್ವಲ್ಪ ಕೆಟ್ಟವನಾಗುತ್ತ ಬಂದಿದ್ದಾನೆ. ನಿಜಕ್ಕೂ ಕೆಟ್ಟವನಲ್ಲ. ತನ್ನ ಬಿಸ್ಕತ್ತಿನ ಪೊಟ್ಟಣದಿಂದ ನನಗೂ ಕೊಟ್ಟಿದ್ದ.

ಅಕ್ಕ ಕೊಡೆ ಹಿಡಿದು ಇಳಿದು ಬಂದವಳು ನೇರ ಮುರಿದ ಗೋಡೆಯ ಹತ್ತಿರ ಹೋದಳು. ಗೋಡೆ ಅಡ್ಡ ಸೀಳಿತ್ತು, ಒಳಗಿನದೆಲ್ಲ ಕಾಣುತ್ತಿತ್ತು. ಮುಂಬದಿಯಲ್ಲಿ ಪೈಪಿನ ತುಂಡು. ಒಂದು ಗೇಣು. ಅದರ ಹಿಂದೆ ಬರೀ ಕಾಂಕ್ರೀಟು, ಅದರ ಹಿಂದೆ ನೀರು ಕುಡಿದು ಊದಿಕೊಂಡ ಮಣ್ಣು. ಪೈಪು ಗುಡ್ಡವನ್ನು ಮುಟ್ಟಿಯೇ ಇರಲಿಲ್ಲ.

ಅವಳು ಬೆರಳು ತೂರಿಸಿ ನೋಡಿದಳು. ಮುರಿಯದೆ ಉಳಿದಿದ್ದ ಪಕ್ಕದ ಕಂಡಿಗೂ ತೂರಿಸಿದಳು. ಆಮೇಲೆ ಇಂಜಿನಿಯರನನ್ನು ಕರೆದು ಇದೇಕೆ ಹೀಗೆ ಎಂದು ಕೇಳಿದಳು. ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

“ಡ್ರಾಯಿಂಗಲ್ಲಿ ಪೂರ್ತಿ ಇರುತ್ತೆ ಮೇಡಂ. ಗೋಡೇಲಿ ಇಷ್ಟೇ ಇರೋದು.”

“ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಎಂತದು. ನಾಲ್ಕು ವರ್ಷ ಅದನ್ನೇ ಓದಿದ್ದು.”

ಅಷ್ಟೇ. ಅವನು ಜೆಸಿಬಿಯವನ ಕಡೆ ಹೋದ. ಅವಳು ಬೆರಳು ಒರೆಸಿಕೊಂಡು ಮೇಲೆ ಹೋದಳು.

ಮುಂದಿನದನ್ನು ನಮ್ಮೂರಿನವರು ಹೀಗೆ ಹೇಳುತ್ತಾರೆ: ಗುಡ್ಡ ಕುಸಿಯಿತು, ರಸ್ತೆ ಬಂದಾಯಿತು, ಕರೆಂಟಿಲ್ಲ, ನೆಟ್‌ವರ್ಕಿಲ್ಲ, ದುಡ್ಡು ಕಟ್ಟಲು ಹೋಗಲಾಗದೆ ಪಾಪದ ಹುಡುಗಿಯ ಸೀಟು ತಪ್ಪಿತು, ಗುಡ್ಡ ನಿಲ್ಲಿಸಲು ಹೊರಟವಳನ್ನು ಗುಡ್ಡವೇ ನಿಲ್ಲಿಸಿತು. ಕೇಳಲು ಚೆಂದ. ರೈಟರು ತಾವೇ ಎಷ್ಟೋ ಕಡೆ ಹೀಗೆ ಹೇಳಿದ್ದಾರೆ, ಈಗ ಅವರಿಗೇ ಇದು ನಿಜವಾಗಿರಬಹುದು. ಆದರೆ ರಸ್ತೆ ಅದೇ ಸಂಜೆ ತೆರವಾಯಿತು. ಮಾರನೆಯ ದಿನ ಬಸ್ಸುಗಳು ಓಡಿದವು. ಕಳಸದಲ್ಲಿ ಬ್ಯಾಂಕು ತೆರೆದಿತ್ತು. ನಮ್ಮ ಅಬ್ಬ ಬೇಕಾದರೆ ಜೀಪಿನಲ್ಲಿ ಕಾಲೇಜಿನ ಬಾಗಿಲಿಗೇ ಬಿಟ್ಟು ಬರುತ್ತೇನೆ ಎಂದು ಕೀಲಿಕೈ ಹಿಡಿದು ಅವರ ಅಂಗಳದಲ್ಲಿ ನಿಂತಿದ್ದರು.

ಅವಳು ಹೋಗಲಿಲ್ಲ.

ಕಾರಣ ಹೇಳಲಿಲ್ಲ. ಅಮ್ಮ ಅತ್ತರು, ಇದರ ಹಿಂದೆ ಯಾವನೋ ಇದ್ದಾನೆ ಎಂದು ನನ್ನನ್ನೂ ವಿಚಾರಿಸಿದರು. ರೈಟರು ಕೊನೆಗೆ, ಆಯಿತು, ಸಿವಿಲ್ಲನ್ನೇ ಓದು, ಓದಿದರೆ ಸಾಕು ಎಂದು ಬೇಡಿಕೊಳ್ಳುವ ಮಟ್ಟಕ್ಕೆ ಬಂದರು. ಆ ಸೀಟಿಗಾಗಿ ಅವಳು ಅಪ್ಪನ ಜೊತೆ ಮಾತುಬಿಟ್ಟಿದ್ದನ್ನು ಕಂಡಿದ್ದ ನಮಗೆ ಏನೂ ಅರ್ಥವಾಗಲಿಲ್ಲ. ವಾರ ಕಳೆಯಿತು. ಚಕ್ಕುಲಿಯ ಡಬ್ಬಿ ನಮ್ಮ ಮನೆಗೆ ಬಂತು.

ನಾನು ಕೇಳಿದ್ದು ಎಷ್ಟೋ ದಿನದ ಮೇಲೆ, ಅವರ ಬಚ್ಚಲ ಒಲೆಯ ಮುಂದೆ, ಅವಳು ತಲೆಗೂದಲು ಒಣಗಿಸಿಕೊಳ್ಳುವಾಗ. ಮಾತುಗಳು ಇವೇ ಇದ್ದವೆಂದು ಪ್ರಮಾಣ ಮಾಡಲಾರೆ, ಆದರೆ ಅರ್ಥದಲ್ಲಿ ಸಂಶಯವಿಲ್ಲ.

“ನಾನು ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ ಮಾರಾಯ್ತಿ. ಗೊತ್ತಿಲ್ದೆ ಹೀಗೆ ಕಟ್ತಾರೆ, ನಾನು ಓದ್ಕೊಂಡು ಬಂದು ಹೇಳ್ಬೇಕು ಅಂತ. ಗೊತ್ತಿದೆ. ಎಲ್ರಿಗೂ ಗೊತ್ತಿದೆ. ನಾನು ಬಂದು ಎಂತ ಹೇಳೋದು?”

ಇಷ್ಟಕ್ಕೇ ಯಾರಾದರೂ ಸೀಟು ಬಿಡುತ್ತಾರಾ ಎಂದು ಮುಂದೆ ನನ್ನ ಹಾಸ್ಟೆಲಿನ ಗೆಳತಿಯರು ಕೇಳಿದ್ದುಂಟು. ಬೇರೆ ಕಾರಣವೂ ಇದ್ದಿರಬಹುದು. ಮನೆ ಬಿಡುವ ಹೆದರಿಕೆ, ಇಂಗ್ಲಿಷಿನ ಹೆದರಿಕೆ. ಅವೆಲ್ಲ ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಒಂದೇ, ಆ ದಿನದ ನಂತರ ಅವಳು ಗೋಡೆಯ ಕಡೆ ತಿರುಗಿ ನೋಡಲಿಲ್ಲ. ಬಸ್ಸಿಗೆ ಕಾಯುವಾಗ ಅದಕ್ಕೇ ಒರಗಿ ನಿಲ್ಲುತ್ತಿದ್ದಳು.

ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಬಿ.ಕಾಂ. ಕಟ್ಟಿ ಮುಗಿಸಿದಳು. ಅದೇ ವರ್ಷಗಳಲ್ಲಿ ನನಗೆ ಪಾಠ ಹೇಳಿದಳು. ಪಿಯುಸಿಯ ಗಣಿತ, ಭೌತಶಾಸ್ತ್ರ, ಸಿಇಟಿಯ ಹಳೆಯ ಪ್ರಶ್ನೆಗಳು, ಪ್ರತಿ ಸಂಜೆ ಗ್ಯಾರೇಜಿನ ಹಿಂದಿನ ಮೆಟ್ಟಿಲ ಮೇಲೆ. ಸ್ಕೇಲಿನ ಹೊಡೆತ ನಿಂತುಹೋಗಿತ್ತು, ತಮಾಷೆಯೂ. ನನಗೆ ನನ್ನದೇ ಆದ ಆಸೆ ಯಾವುದೂ ಇರಲಿಲ್ಲ. ಅವಳ ಯೋಜನೆ ಅಲ್ಲಿ ಖಾಲಿ ಬಿದ್ದಿತ್ತು, ನಾನು ಹೊಕ್ಕೆ. ಸಿವಿಲ್ ತೆಗೆದುಕೊಳ್ಳುತ್ತೇನೆ ಎಂದಾಗ ಅವಳು ಬೇಡ ಎನ್ನಲಿಲ್ಲ, ಖುಷಿಯನ್ನೂ ಪಡಲಿಲ್ಲ.

“ಓದು. ಪಾಸಾಗು. ನಂಬ್ಬೇಡ.”

ಓದಿದೆ, ಪಾಸಾದೆ. ಅವಳಿಗೆ ಜಾವಳಿಯ ಕಡೆ ಮದುವೆಯಾಯಿತು. ಗಂಡ ಒಳ್ಳೆಯವನು, ಒಂದಿಷ್ಟು ಗದ್ದೆ ತೋಟ ಇದೆ. ಮೂಡಿಗೆರೆಯಲ್ಲಿ ಮೆಣಸು ವ್ಯಾಪಾರಿಯೊಬ್ಬರ ಮಂಡಿಯಲ್ಲಿ ಅವಳು ಲೆಕ್ಕ ಬರೆಯುತ್ತಾಳೆ. ಕೆಲಸದಲ್ಲಿ ಚುರುಕು ಎಂದು ಕೇಳಿದ್ದೇನೆ. ನಾನು ರಸ್ತೆ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಸೈಟ್ ಇಂಜಿನಿಯರು. ಮೊದಲ ಸೈಟಿನಲ್ಲೇ ಪೈಪು ಪೂರ್ತಿ ಹಾಕಿಸಲು ಹಟ ಹಿಡಿದೆ. ಯಾರೂ ಜಗಳವಾಡಲಿಲ್ಲ. ಹಾಕಿಸುವ ಮೇಡಂ ಎಂದರು, ಮರುವಾರ ನನ್ನನ್ನು ಬಿಲ್ಲು ತಯಾರಿಸುವ ಮೇಜಿಗೆ ಕೂರಿಸಿದರು. ಗೋಡೆ ನಾನಿಲ್ಲದೆ ಎದ್ದಿತು. ಅದಕ್ಕೆ ಪೂರ್ತಿ ಉದ್ದದ ಪೈಪು ಹಿಡಿಯಿತೆಂದು ಬಿಲ್ಲಿನಲ್ಲಿ ಬರೆದವಳು ನಾನು.

ಹೋದ ಬೇಸಿಗೆಯಲ್ಲಿ ನಮ್ಮ ತಿರುವಿನ ಹಳೆಯ ಗೋಡೆ ಒಡೆದು ಹೊಸದು ಕಟ್ಟುವ ಕೆಲಸ ನಮ್ಮ ಕಂಪನಿಗೇ ಬಂತು. ನನ್ನನ್ನು ಮತ್ತೆ ಸೈಟಿಗೆ ಹಾಕಿದರು. ಮನೆ ಹತ್ತಿರವೇ ಇದೆಯಲ್ಲ, ಬಾಡಿಗೆ ರೂಮಿನ ಖರ್ಚು ಉಳಿಯಿತು ಎಂದು ಇರಬೇಕು. ಅದೇ ಸಮಯಕ್ಕೆ ಅಕ್ಕ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಸಂಜೆ ಅವರ ಮನೆಗೆ ಹೋದೆ. ಅವಳು ಮಗಳ ತಲೆ ಬಾಚುತ್ತಿದ್ದಳು. ಈ ಸಲ ನಾನೇ ನಿಂತು ನೋಡಿಕೊಳ್ಳುತ್ತೇನೆ, ಗುಡ್ಡ ಮುಟ್ಟುವ ಹಾಗೆ ಪೈಪು ಹಾಕಿಸುತ್ತೇನೆ, ಆದಷ್ಟಾದರೂ ಹಾಕಿಸುತ್ತೇನೆ ಎಂದು ಹೇಳಿದೆ. ಅವಳ ಬಚ್ಚಲಿನ ಗೋಡೆಯಲ್ಲಿ ಆಗಲೇ ಬಿರುಕು ಬಂದಿತ್ತು. ಅದನ್ನು ಇಬ್ಬರೂ ನೋಡಿದೆವು.

ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲು ಬಿಡಿಸುತ್ತ ಅವಳು ಹೇಳಿದಳು. “ಹಾಕ್ಸು. ಆದ್ರೆ ಹಾಕ್ಸಿದೆ ಅಂತ ನಂಗೆ ಹೇಳ್ಬೇಡ.”

ಎಂತಕ್ಕೆ ಎಂದೆ.

“ಹೇಳಿದ್ರೆ ಮತ್ತೆ ನೋಡ್ಬೇಕು ಅನ್ಸುತ್ತೆ.”

ಮಗಳು ನೋವಾಯಿತು ಎಂದು ಕೂಗಿದಳು. ಅವಳು ಜಡೆ ಹೆಣೆಯತೊಡಗಿದಳು, ಮಾತು ಮೆಣಸಿನ ರೇಟಿಗೆ ಹೋಯಿತು.

ಈ ಮಳೆಗಾಲ ಹೊಸ ಗೋಡೆಯ ಕೆಲವು ಕಂಡಿಗಳಲ್ಲಿ ನೀರು ಬಂತು. ಕೆಲವುಗಳಲ್ಲಿ ಬರಲಿಲ್ಲ. ಅವಳಿಗೆ ಹೇಳಿಲ್ಲ.