ಅಕ್ಕೋರು ಬಳಿದ ಬೋರ್ಡು

ಬೋರ್ಡಿನ ಕೆಳ ಅಂಚಿನಲ್ಲಿ ತೊಂಡೆ ಎಲೆಯ ಒಂದು ನಾರು ಅಂಟಿಕೊಂಡಿತ್ತು, ಇನ್ನೂ ಹಸಿಯಾಗಿ. ಬಗ್ಗಿ ನೋಡುವ ಮೊದಲೇ ವಾಸನೆ ಬಂತು: ಜಜ್ಜಿದ ಸೊಪ್ಪು, ಅದರೊಳಗೆ ಅರೆದ ಇದ್ದಿಲು.

ಇದು ನಿನ್ನೆ ಮಧ್ಯಾಹ್ನ, ಸೊರಬ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಹಳ್ಳಿ ಶಾಲೆಗಳನ್ನು ಹೋಲಿಸಿ ವರದಿ ಬರೆಯಲು ವಿಶ್ವವಿದ್ಯಾಲಯದಿಂದ ನನ್ನನ್ನು ಕಳಿಸಿದ್ದಾರೆ. ಎರಡು ಸಾವಿರದ ಇಸವಿ ಹತ್ತಿರ ಬಂದರೂ ಅಲ್ಲಿ ಒಬ್ಬರೇ ಮೇಷ್ಟ್ರು. ನಾನು ಬರುತ್ತೇನೆಂದು ಬೆಳಿಗ್ಗೆಯೇ ಮಕ್ಕಳಿಂದ ಬೋರ್ಡು ಬಳಿಸಿದ್ದರು.

“ಹ್ಯಾಂಗಾಗಿದೆ ಮೇಡಂ?” ಎಂದರು.

ಚೆನ್ನಾಗಿದೆ ಎಂದೆ. ವರದಿಯ ನಮೂನೆಯಲ್ಲಿ ಕಪ್ಪು ಹಲಗೆ ಎಂದು ಅಚ್ಚಾದ ಜಾಗದ ಎದುರು ‘ಉತ್ತಮ’ ಎಂದು ಪೆನ್ಸಿಲ್ಲಿನಲ್ಲಿ ಬರೆದೆ. ಸ್ಥಳದಲ್ಲಿ ಪೆನ್ಸಿಲ್ಲು, ಮರುದಿನ ಬೆಳಿಗ್ಗೆ ಶಾಯಿ. ಅದು ನನ್ನ ಅಭ್ಯಾಸ. ಆದರೆ ಆ ವಾಸನೆ ಬಸ್ಸಿನಲ್ಲೂ ನನ್ನ ಜೊತೆಗೇ ಬಂತು...

ನಾನು ಓದಿದ ಶಾಲೆಯಲ್ಲೂ ಒಬ್ಬರೇ ಇದ್ದರು. ಕಲಿಸುವ ಹೆಂಗಸರನ್ನು ನಮ್ಮೂರಲ್ಲಿ ಅಕ್ಕೋರು ಎನ್ನುತ್ತಿದ್ದರು. ಕ್ಯಾಸನೂರಿನ ಕಡೆಯ ಕಾಡಂಚಿನ ಊರು. ಮಂಗನ ಕಾಯಿಲೆಯ ಹೆಸರು ಕೇಳಿಯೇ ಮೇಷ್ಟ್ರುಗಳು ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಅಕ್ಕೋರು ಹೋಗಲಿಲ್ಲ. ಒಂದರಿಂದ ಏಳರವರೆಗೆ ಒಬ್ಬರೇ ನಡೆಸಿದರು. ದೊಡ್ಡವರು ಚಿಕ್ಕವರಿಗೆ ಮಗ್ಗಿ ಹೇಳಿಕೊಡುವಾಗ ಅವರು ನಮಗೆ ಭಿನ್ನರಾಶಿ ಕಲಿಸುತ್ತಿದ್ದರು, ಒಂದು ಕಿವಿ ಆ ಕಡೆಗೇ ಇಟ್ಟು.

ನಾನು ಐದನೇ ತರಗತಿಯಲ್ಲಿದ್ದಾಗ, ಇನ್ನೊಬ್ಬ ಶಿಕ್ಷಕರು ಬರದಿದ್ದರೆ ಆರು ಮತ್ತು ಏಳನೇ ತರಗತಿ ಮುಚ್ಚುತ್ತಾರೆ ಎಂಬ ಸುದ್ದಿ ಬಂತು. ಮುಚ್ಚಿದರೆ ಗಂಡುಹುಡುಗರು ಸೈಕಲ್ಲಿನಲ್ಲಿ ಸೊರಬಕ್ಕೆ ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಕಾಡುದಾರಿಯಲ್ಲಿ ಯಾರೂ ಕಳಿಸುತ್ತಿರಲಿಲ್ಲ. ಇದ್ದದ್ದು ಒಂದೇ ಹುದ್ದೆ. ಅದು ನಮಗೆ ಅಥವಾ ಶಿರಾಳಕೊಪ್ಪದ ಹತ್ತಿರದ ಇನ್ನೊಂದು ಶಾಲೆಗೆ. ಎರಡನ್ನೂ ಒಂದೇ ದಿನ ನೋಡಿ ತೀರ್ಮಾನಿಸಲು ಜಿಲ್ಲೆಯಿಂದ ಸಾಹೇಬರು ಬರುವವರಿದ್ದರು.

ಊರಿನ ಬೇಲಿಗಳಲ್ಲಿ ಆ ವಾರ ತೊಂಡೆ ಎಲೆ ಉಳಿಯಲಿಲ್ಲ. ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಒಲೆಯ ಇದ್ದಿಲು ಅರೆದರು. ನಾವು ಎಲೆ ಜಜ್ಜಿದೆವು. ಒಣಗಿದ ಹಾಗೆಲ್ಲ ಮತ್ತೆ ಬಳಿದೆವು. ಕೊನೆಗೆ ಆ ಬೋರ್ಡು ಹೊಸ ಕಲ್ಲಿನ ಹಾಗೆ ಹೊಳೆಯಿತು. ಅಂಗಳ ಸಾರಿಸಿ ರಂಗೋಲಿ ಇಟ್ಟೆವು.

“ಯಾರೂ ಗಲಾಟೆ ಮಾಡೂಕಾಗ. ಸಾಹೇಬ್ರು ನೋಡಿ, ಶಾಲೆ ಅಂದ್ರೆ ಇದು ಅನ್ನಬೇಕು” ಎಂದರು ಅಕ್ಕೋರು.

ಮಧ್ಯಾಹ್ನ ಜೀಪು ಬಂತು. ಸಾಹೇಬರು ಒಳಗೆ ಮಗ್ಗಿ ಕೇಳುತ್ತಿದ್ದಾಗ, ಹೊರಗೆ ಮಜ್ಜಿಗೆ ಕುಡಿಯುತ್ತಿದ್ದ ಡ್ರೈವರು ಅದನ್ನು ತಂದುಕೊಟ್ಟ ನಮ್ಮ ಅಮ್ಮನ ಹತ್ತಿರ ನಗುತ್ತಾ ಹೇಳುತ್ತಿದ್ದ. “ಬೆಳಗ್ಗೆ ನೋಡಿದ ಶಾಲಿ ಸಂತಿ ಇದ್ದಂಗಿತ್ರೀ ಅವ್ವಾರ. ಬೋರ್ಡಿನ ಮ್ಯಾಲೆ ಬರದ್ರ ಕಾಣಂಗಿಲ್ಲ. ಹೆಡ್‌ಮಾಸ್ತರು ಒಬ್ರಿಗೆ ಆಗಂಗಿಲ್ಲ ಸಾಹೇಬ್ರ ಅಂತ ಅತ್ತೇ ಬಿಟ್ರು. ನಿಮ್ದು ಭಾಳ ಚಲೋ ಐತಿ ಬಿಡ್ರಿ!”

ಅಮ್ಮನ ಮುಖ ಅರಳಿತು. ಕಿಟಕಿಯ ಹತ್ತಿರ ಕೂತಿದ್ದ ನನಗೂ ಕೇಳಿಸಿತು. ಗೆದ್ದೆವು ಅಂದುಕೊಂಡೆ.

ಹೊರಡುವಾಗ ಸಾಹೇಬರು ನಿಜವಾದ ಮೆಚ್ಚುಗೆಯಿಂದಲೇ ಹೇಳಿದರು: “ಒಬ್ಬರೇ ಇಷ್ಟು ಚೆನ್ನಾಗಿ ನಡೆಸ್ತಾ ಇದ್ದೀರಲ್ಲ. ನಿಮಗೆ ಇನ್ನೊಬ್ಬರು ಯಾಕ್ರೀ? ಪಾಪ, ಅಲ್ಲಿ ಕಷ್ಟ ಇದೆ.”

ಅಕ್ಕೋರು ಕೈ ಮುಗಿದರು. ಹೊಗಳಿದವರ ಎದುರು ಇಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. “ಆರು, ಏಳು ಮುಚ್ಚೂದಿಲ್ಲ ಅಲ್ಲ ಸಾರ್?” ಎಂದರು ಆಮೇಲೆ. ಅಷ್ಟರಲ್ಲಿ ಜೀಪು ಶುರುವಾಗಿತ್ತು.

ಜೂನ್ ತಿಂಗಳಲ್ಲಿ ಮುಚ್ಚಿದರು.

ಪಕ್ಕದ ಮನೆಯ ಅಜ್ಜಿ ಬಾಯಿಗೆ ಬಂದದ್ದನ್ನು ಆಡಿಯೇ ಬಿಟ್ಟಳು. “ಅಷ್ಟು ಚಂದ ಮಾಡೂಕೆ ಯಾರ್ ಹೇಳಿದ್ರು ಅಕ್ಕೋರೇ? ಬೋರ್ಡಿಗೆ ಎರಡು ಚೆಂಬು ಸಗಣಿ ನೀರು ಹೊಯ್ದು ಕೂತಿದ್ರೆ ಮೇಷ್ಟ್ರು ಓಡಿ ಬರ್ತಿದ್ರು.”

ಅಕ್ಕೋರು ನಗಲು ನೋಡಿದರು. “ಅಂಥಾ ಬೋರ್ಡಲ್ಲಿ ಮಕ್ಕಳಿಗೆ ಎಂತ ಬರೀಲಿ ಅಜ್ಜಿ?” ಎಂದರು.

ನನಗೆ ಶಿಕಾರಿಪುರದಲ್ಲಿ ಸೋದರಮಾವನ ಮನೆ ಇತ್ತು, ಓದಿದೆ. ನನ್ನ ಜೊತೆಯ ಹುಡುಗಿಯರಿಗೆ ಹಾಗೆ ಯಾರೂ ಇರಲಿಲ್ಲ. ಮಾರನೇ ವರ್ಷ ಊರಿಗೆ ಹೋದಾಗ ಅವರು ಶಾಲೆಯ ಮುಂದಿನಿಂದಲೇ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದರು. ಅಕ್ಕೋರು ಒಳಗೆ ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದರು. ಹುಡುಗಿಯರು ಹಾದುಹೋಗುವವರೆಗೂ ಈ ಕಡೆ ತಿರುಗಲಿಲ್ಲ...

ಅಕ್ಕೋರು ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು. ಆ ಶಾಲೆಗೆ ಈಗ ಬೀಗ. ನನ್ನ ವರದಿಯಲ್ಲಿ ಅದರ ಹೆಸರೇ ಇಲ್ಲ. ಹೋಲಿಸಲು ಅಲ್ಲಿ ಏನೂ ಉಳಿದಿಲ್ಲ.

ನಿನ್ನೆಯ ಮೇಷ್ಟ್ರು ಬಸ್ಸಿನವರೆಗೂ ಬಂದಿದ್ದರು. “ನೀವು ಬರೆದ್ರೆ ಇನ್ನೊಬ್ರನ್ನ ಕೊಡ್ತಾರಾ ಮೇಡಂ?” ಎಂದು ಕೇಳಿದ್ದರು. ಇಂಥ ವರದಿ ಓದಿ ಯಾರೂ ಯಾರನ್ನೂ ಕಳಿಸುವುದಿಲ್ಲವೆಂದು ನನಗೆ ಗೊತ್ತು. ನೋಡೋಣ ಎಂದಿದ್ದೆ.

ಇವತ್ತು ಬೆಳಿಗ್ಗೆ ಎದ್ದು ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ‘ಉತ್ತಮ’ ಎಂಬುದನ್ನು ರಬ್ಬರಿನಿಂದ ಅಳಿಸಿದೆ. ಪುಡಿಯನ್ನು ಊದಿ, ಪೆನ್ನು ತೆರೆದು, ಆ ಜಾಗದಲ್ಲಿ ಶಾಯಿಯಲ್ಲಿ ಬರೆದೆ: ಕಪ್ಪು ಹಲಗೆ ಇಲ್ಲ.