ನಾಲ್ಕು ಮೀಟರ್ ಬಿಳಿ ಹತ್ತಿ

ಮೈಮೇಲಿನ ಬಟ್ಟೆ ಯಾರದೇ ಇರಲಿ, ಮುಟ್ಟಿ ನೋಡದೆ ಇರಲು ನನ್ನಿಂದ ಆಗುವುದಿಲ್ಲ. ಇದೊಂದು ರೋಗ ಎಂದು ನನ್ನ ಗಂಡ ಮದುವೆಯಾದ ಹೊಸದರಲ್ಲೇ ತೀರ್ಮಾನಿಸಿದ್ದಾರೆ. ಒಮ್ಮೆ ಮಸ್ಕತ್‌ನ ರೂವಿ ಬಡಾವಣೆಯ ಲಿಫ್ಟೊಂದರಲ್ಲಿ ಮುಂದೆ ನಿಂತಿದ್ದ ಹೆಂಗಸಿನ ದುಪಟ್ಟಾದ ತುದಿಯನ್ನು ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಹಿಡಿದು ಉಜ್ಜಿದವು. ಆಕೆ ಸರಕ್ಕನೆ ತಿರುಗಿದಳು. "ಒಳ್ಳೆಯ ಕಾಟನ್" ಎಂದು ಹಿಂದಿಯಲ್ಲಿ ಹೇಳಿ ಹಲ್ಲು ಕಿರಿದೆ. ಐದನೇ ಮಹಡಿಗೆ ಹೋಗಬೇಕಿದ್ದವಳು ಎರಡರಲ್ಲೇ ಇಳಿದುಬಿಟ್ಟೆ.

ನಾನು ಹುಟ್ಟಿ ಬೆಳೆದದ್ದು ಬಾಗಲಕೋಟೆ ಕಡೆಯ ಒಂದು ನೇಕಾರರ ಓಣಿಯಲ್ಲಿ. ಮನೆಯ ಅರ್ಧ ಮಗ್ಗಕ್ಕೆ, ಇನ್ನರ್ಧ ನಮಗೆ. ನೂಲಿನ ಕಂಡಿಕೆ ಸುತ್ತುತ್ತ ಕೂತಿರುತ್ತಿದ್ದ ನನ್ನ ಅಜ್ಜಿ ಬಟ್ಟೆಯನ್ನು ಮೊದಲು ಕಣ್ಣಿನಿಂದ ನೋಡಗೊಡುತ್ತಿರಲಿಲ್ಲ. ಬಣ್ಣ ಕಣ್ಣನ್ನು ಮರುಳು ಮಾಡುತ್ತದೆ, ಬೆರಳನ್ನು ಮಾಡಲಾರದು ಎನ್ನುವುದು ಅವಳ ವಾದ. ಕಣ್ಣು ಮುಚ್ಚಿ ಉಜ್ಜಬೇಕು. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಅದು ಗಂಜಿಯ ದಪ್ಪ, ಎರಡು ಸಲ ಒಗೆದರೆ ಬಟ್ಟೆ ಸೊಳ್ಳೆಪರದೆಯಾಗುತ್ತದೆ. ಆಮೇಲೆ ಬೆಳಕಿಗೆ ಹಿಡಿದು ಹಾಸಿನ ಎಳೆ, ಹೊಕ್ಕಿನ ಎಳೆ ಒಂದೇ ಸಮ ಒತ್ತಾಗಿವೆಯೇ ಎಂದು ನೋಡಬೇಕು. ಕೊನೆಗೆ ಬಟ್ಟೆ ತಿರುವಿ ಹಿಂಬದಿ ನೋಡಬೇಕು, ಏಕೆಂದರೆ ಮುಂಬದಿಯನ್ನು ಎಲ್ಲರೂ ಚೆನ್ನಾಗಿಯೇ ನೇಯ್ದಿರುತ್ತಾರೆ. ಇಷ್ಟೆಲ್ಲ ಆದ ಮೇಲೆ ಬಣ್ಣ ಇಷ್ಟವಾಯಿತೋ ಇಲ್ಲವೋ ಎಂಬ ಪ್ರಶ್ನೆ. ಅಷ್ಟು ಹೊತ್ತಿಗೆ ಅಂಗಡಿಯವನಿಗೆ ಸಾಕುಸಾಕಾಗಿರುತ್ತಿತ್ತು.

ಈ ವಿದ್ಯೆಯನ್ನು ನಾನು ಮಸ್ಕತ್‌ಗೆ ಹೊತ್ತು ತಂದೆ. ನಮ್ಮ ಕಟ್ಟಡದ ಹೆಂಗಸರು ಶಾಲೆಯ ಯೂನಿಫಾರ್ಮ್ ಕೊಳ್ಳುವ ಮೊದಲು ನನ್ನನ್ನು ಕರೆಯುವುದು ರೂಢಿಯಾಯಿತು. ನಾನು ಅಂಗಿಯ ಒಳಮೈ ಹೊರಗೆ ತಿರುವುತ್ತೇನೆ. ಹೊಲಿಗೆ ಒತ್ತಾಗಿರಬೇಕು, ಎರಡೂ ಕಡೆ ಹಿಡಿದು ಎಳೆದರೆ ನಡುವೆ ನೂಲು ಹಲ್ಲಿನಂತೆ ಕಾಣಬಾರದು. ಕೆಳಗೆ ಮಡಿಕೆಯಲ್ಲಿ ಎರಡು ಬೆರಳು ಬಟ್ಟೆ ಬಿಟ್ಟಿರಬೇಕು, ಮಕ್ಕಳು ನಮ್ಮನ್ನು ಕೇಳಿ ಬೆಳೆಯುವುದಿಲ್ಲವಲ್ಲ. ಕಾಜಾದಲ್ಲಿ ನೂಲು ಜೋತಿದ್ದರೆ ಗುಂಡಿ ತಿಂಗಳೊಳಗೆ ಕಾಣೆಯಾಗುತ್ತದೆ. ಬಣ್ಣ ಬಿಡುತ್ತದೋ ಎಂದು ನೋಡಲು ಕರವಸ್ತ್ರ ಒದ್ದೆ ಮಾಡಿ ಕಾಲರಿನ ಒಳಗೆ ತಿಕ್ಕುತ್ತೇನೆ, ಮೂಸಿಯೂ ನೋಡುತ್ತೇನೆ. "ಅಮ್ಮಾ, ಪ್ಲೀಸ್, ಡೋಂಟ್ ಸ್ಮೆಲ್ ಇಟ್ ಹಿಯರ್" ಎಂದು ನನ್ನ ಮಗಳು ಬೇರೆ ಯಾರದೋ ಮಗಳಂತೆ ಆಟಿಕೆಗಳ ಕಡೆ ಸರಿದುಹೋಗುತ್ತಾಳೆ.

ನೌಕರಿಯಲ್ಲೂ ನನ್ನದು ಗುಣ ನೋಡುವ ಕೆಲಸವೇ. ಊರಾಚೆ ಗಾಲಾ ಎಂಬಲ್ಲಿನ ಒಂದು ಲ್ಯಾಬಿನಲ್ಲಿ ನೀರು ಪರೀಕ್ಷಿಸುತ್ತೇನೆ. ಅಲ್ಲಿಗೆ ನನ್ನನ್ನು ಸೇರಿಸಿಕೊಂಡವರು ನಮ್ಮ ಮುದೀರ್. ಮುದೀರ್ ಎಂದರೆ ಅರಬ್ಬಿಯಲ್ಲಿ ಮ್ಯಾನೇಜರ್. ಬೆನ್ನ ಹಿಂದೆ ಮಾತಾಡುವಾಗಲೂ ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಮಸ್ಕತ್‌ನ ಹಳೆಯ ಬಂದರುಪೇಟೆ ಮತ್ರಾದ ಓಣಿಯಲ್ಲಿ ಭಾರತೀಯ ವ್ಯಾಪಾರಿಗಳ ಮಕ್ಕಳ ಜೊತೆ ಆಡಿ ಬೆಳೆದ ಒಮಾನಿ ಹಿರಿಯರು, ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಮಕ್ಕಳಿಗಾಗಿ ಎಂಟು ವರ್ಷ ಮನೆಯಲ್ಲಿ ಕೂತಿದ್ದ ನನ್ನನ್ನು ಅದಕ್ಕೂ ಮೊದಲು ಯಾರೂ ಇಂಟರ್‌ವ್ಯೂಗೆ ಕರೆದಿರಲಿಲ್ಲ.

"ಎಂಟು ವರ್ಷದಲ್ಲಿ ಕೆಮಿಸ್ಟ್ರಿ ಮರೆತಿರಬೇಕು" ಎಂದರು.

"ಅರ್ಧ ಮರೆತಿದೆ, ಸರ್."

"ನಮ್ಮ ಲ್ಯಾಬಿಗೆ ಉಳಿದರ್ಧ ಸಾಕು. ಭಾನುವಾರದಿಂದ ಬಾ."

ಅವರ ಋಣವನ್ನು ನಾನು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಹೇಳಲು ಹೋದರೆ ಅಳು ಬರುತ್ತದೆ, ಅಳುಮುಂಜಿ ಅನ್ನಿಸಿಕೊಳ್ಳಲು ಇಷ್ಟವಿಲ್ಲ. ಹಾಗಾಗಿ ಅವರ ನಿವೃತ್ತಿಯ ದಿನ ಹತ್ತಿರ ಬಂದಾಗ, ಅವರಿಗೆ ಕೊಡುವ ಉಡುಗೊರೆ ನನ್ನ ಪಾಲಿಗೆ ಬರೀ ಉಡುಗೊರೆಯಾಗಿ ಉಳಿಯಲಿಲ್ಲ. ಅವರದೊಂದು ಗುಣವಿತ್ತು. ಕೊಟ್ಟ ಗಡಿಯಾರ ಕಾವಲಿನವನ ಕೋಣೆ ಸೇರುತ್ತಿತ್ತು, ಅತ್ತರು ಡ್ರೈವರನ ಜೇಬು ಸೇರುತ್ತಿತ್ತು. ಈ ಸಲದ್ದು ಹಾಗಾಗಬಾರದು, ಅವರು ಅದನ್ನು ತಾವೇ ಬಳಸಬೇಕು ಎಂಬುದು ನನ್ನ ಹಟ. ದಿಶ್‌ದಾಶಾಕ್ಕೆ ಬಟ್ಟೆ ಕೊಡೋಣ ಎಂದು ನಾನೇ ಸೂಚಿಸಿದೆ. ಒಮಾನಿ ಗಂಡಸರು ನಿತ್ಯ ತೊಡುವ, ಹಿಮ್ಮಡಿ ಮುಟ್ಟುವ ಬಿಳಿಯ ನಿಲುವಂಗಿ ಅದು. ಆರಿಸುವ ಕೆಲಸ ಯಾರದು ಎಂದು ಯಾರೂ ಕೇಳಲಿಲ್ಲ. ಜಂಬದ ಕೋಳಿ ಆಗಲೇ ಕತ್ತು ನೀಡಿ ನಿಂತಿತ್ತು.

ಜೊತೆಗೆ ಬಂದವರು ನಮ್ಮ ರಿಸೆಪ್ಷನ್ನಿನ ಗೆಳತಿ. ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್, ಎಳೆ ಸುಟ್ಟು ನೋಡಲು ನಾನು ಲೈಟರ್ ತೆಗೆದರೆ ಶಿಲುಬೆಯ ಗುರುತು ಮಾಡಿಕೊಳ್ಳುವಷ್ಟು ನನ್ನನ್ನು ಬಲ್ಲವರು. ಮತ್ರಾದ ಸೂಕ್ ಎಂಬ ಹಳೆಯ ಪೇಟೆಯಲ್ಲಿ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ಓಣಿಯಲ್ಲಿ, ತಲೆಮಾರುಗಳಿಂದ ಬಟ್ಟೆ ಮಾರುವ ಗುಜರಾತಿ ಸೇಠರ ಅಂಗಡಿಗೆ ಹೋದೆವು. ಸೇಠರು ಕೂತಲ್ಲಿಂದಲೇ ಜಪಾನೀ ಬಟ್ಟೆಯ ಒಂದು ಇಡೀ ಥಾನನ್ನು ಮೇಜಿನ ಮೇಲೆ ಉರುಳಿಸಿದರು. ಬಟ್ಟೆ ನೀರಿನಂತೆ ಹರಿಯಿತು. ನಾನು ಕಣ್ಣು ಮುಚ್ಚಿ ಉಜ್ಜಿದೆ.

"ಪಾಲಿಯೆಸ್ಟರ್" ಎಂದೆ.

"ಬೆಹೆನ್‌ಜಿ, ಮಸ್ಕತ್‌ನ ದೊಡ್ಡ ದೊಡ್ಡ ಜನ ಇದನ್ನೇ ಒಯ್ಯುತ್ತಾರೆ" ಎಂದರು ಸೇಠರು.

ನಾನು ಬಾಟಲಿಯಿಂದ ಒಂದು ಹನಿ ನೀರು ಹಾಕಿದೆ. ಹನಿ ಗುಂಡಗೆ ಕೂತಿತು, ಇಳಿಯಲಿಲ್ಲ. ಅಂಚಿನ ಒಂದು ಎಳೆ ಕೇಳಿ ಪಡೆದು ಓಣಿಗೆ ಒಯ್ದು ಸುಟ್ಟೆ. ಅದು ಕರಗಿ, ಕಪ್ಪು ಸಾಸಿವೆಯಷ್ಟು ಗಟ್ಟಿ ಗುಂಡಾಯಿತು. ಮೂಲೆಯ ಕಪಾಟಿನಲ್ಲಿದ್ದ ಹತ್ತಿಯ ಥಾನು ಇಳಿಸಲು ಹೇಳಿ ಅದರ ಎಳೆಯನ್ನೂ ಸುಟ್ಟೆ. ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಹಾರುವ ಬೂದಿ. ನೀರಿನ ಹನಿ ಬೀಳುತ್ತಲೇ ಇಂಗಿತು. ಬೆಳಕಿಗೆ ಹಿಡಿದರೆ ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲ, ಉಜ್ಜಿದರೆ ಚೂರೂ ಪುಡಿ ಇಲ್ಲ. ಅಂಥ ಹತ್ತಿ ನೋಡಿ ಎಷ್ಟೋ ವರ್ಷವಾಗಿತ್ತು, ಖುಷಿಗೆ ಕೆನ್ನೆಗೆ ಒತ್ತಿಕೊಂಡೆ.

"ನೀರು ಕುಡಿಯದ ಬಟ್ಟೆ ಬೆವರು ಕುಡಿಯುತ್ತದೆಯೇ, ಸೇಠ್‌ಜಿ?"

"ಅವರೇನು ಗದ್ದೆ ಉಳುತ್ತಾರೆಯೇ? ಎಸಿಯಲ್ಲಿ ಕೂರುವವರು. ಈ ಹತ್ತಿಯಲ್ಲಿ ಹಾಸಿಗೆ ಹೊದಿಕೆ ಹೊಲಿಸಿ, ಕುರ್ತಾ ಹೊಲಿಸಿ. ದಿಶ್‌ದಾಶಾಕ್ಕೆ ಬೇಡ."

ಗೆಳತಿ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು. "ಅವರು ಹೇಳುವುದು ಒಮ್ಮೆ ಕೇಳುವ ಮಾರಾಯ್ರೆ. ಅವರು ಇಲ್ಲಿಯೇ ಹುಟ್ಟಿ ಬೆಳೆದವರಲ್ವಾ?"

"ಮಾರೋರು ಹಂಗ ಹೇಳ್ತಾರ್ರೀ. ಅವ್ರಿಗೆ ಜಪಾನಿದು ಖಾಲಿ ಆಗಬೇಕಾಗೇತಿ" ಎಂದೆ.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸೇಠರು ಕತ್ತರಿ ಎತ್ತಿಕೊಂಡು "ಖಲಾಸ್, ನಿಮ್ಮಿಷ್ಟ" ಎಂದು ನಾಲ್ಕು ಮೀಟರ್ ಕತ್ತರಿಸಿದರು. ಥಾನಿನ ಕೊನೆಯಲ್ಲಿ ಉಳಿದ ತುಂಡನ್ನು ಬಿಡಲು ಮನಸ್ಸಾಗದೆ ನಾನೇ ತೆಗೆದುಕೊಂಡೆ.

ಹೊಲಿಸಿಕೊಳ್ಳಲು ಸಮಯ ಸಿಗಲೆಂದು ಬೀಳ್ಕೊಡುಗೆಗೆ ಮೂರು ವಾರ ಮೊದಲೇ ಎಲ್ಲರೂ ಸೇರಿ ಅದನ್ನು ಮುದೀರ್‌ಗೆ ಕೊಟ್ಟೆವು. ಅವರು ಮಡಿಕೆ ಬಿಚ್ಚಿ ಹೆಬ್ಬೆರಳಿನಿಂದ ಸವರಿದರು.

"ಹತ್ತಿ?" ಎಂದು ಕೇಳಿದರು.

"ನೂರಕ್ಕೆ ನೂರು, ಸರ್. ನಾನೇ ಆರಿಸಿದ್ದು."

ಅವರು ಅಂಚನ್ನೊಮ್ಮೆ ಮುಷ್ಟಿಯಲ್ಲಿ ಹಿಂಡಿ ಬಿಟ್ಟು, ಬಹಳ ಚೆನ್ನಾಗಿದೆ ಎಂದರು. ಆ ಹಿಂಡಿದ್ದನ್ನೂ ನಾನು ಮೆಚ್ಚುಗೆ ಎಂದೇ ಲೆಕ್ಕ ಹಾಕಿದೆ. ಮನೆಗೆ ಹೋಗಿ ಉಳಿದ ತುಂಡಿನಲ್ಲಿ ಗಂಡನ ದಿಂಬಿಗೆ ಚೀಲ ಹೊಲಿದೆ.

ಮರುದಿನ ಬೆಳಿಗ್ಗೆ ಗಂಡ ಆ ದಿಂಬನ್ನು ಎತ್ತಿ ಹಿಡಿದು ನೋಡಿದರು. "ಏನ ಇದು, ಆಕಳ ಬಾಯಾಗಿಂದ ಕಸಗೊಂಡು ಬಂದಂಗ ಐತಲ್ಲ. ನಿಮ್ಮ ಸಾಹೇಬ್ರಿಗೂ ಇದ ಅರಿವಿ ಕೊಟ್ಟೀಯೇನ?"

"ಚಲೋ ಹತ್ತಿ ಹಂಗ ಮುದುಡತೈತ್ರಿ" ಎಂದವಳಿಗೆ ಮುದೀರ್ ನಿತ್ಯ ತೊಡುವ ನಿಲುವಂಗಿ ನೆನಪಾಯಿತು.

ನಮ್ಮ ಓಣಿಯಲ್ಲಿ ಸುಕ್ಕು ಎಂದರೆ ಬಟ್ಟೆ ಅಪ್ಪಟ ಎನ್ನುವುದಕ್ಕೆ ಸಾಕ್ಷಿ. ಮದುವೆಮನೆಗೆ ಮುದುಡಿದ ಸೀರೆಯಲ್ಲಿ ಬಂದವಳನ್ನು ಕಂಡರೆ ನೂಲಿನ ಸೀರೆ ಎಂದು ಉಳಿದವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಹೀಗಾಗಿ ನೀರು ಹಾಕಿ, ಸುಟ್ಟು, ಬೆಳಕಿಗೆ ಹಿಡಿದು ನೋಡಿದ ನಾನು ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಮಾತ್ರ ನೋಡಿರಲಿಲ್ಲ. ಆ ದಿನ ಆಫೀಸಿನ ಪಾರ್ಕಿಂಗಿನಲ್ಲಿ ನಿಂತು ಒಮಾನಿ ಗಂಡಸರನ್ನು ಮೊದಲ ಸಲ ಸರಿಯಾಗಿ ನೋಡಿದೆ. ಒಬ್ಬರು ಕಾರು ಹತ್ತುವ ಮೊದಲು ಹಿಂದಿನ ಬಟ್ಟೆಯನ್ನು ಎರಡೂ ಕೈಯಿಂದ ಸವರಿ, ಸಮಮಾಡಿ ಕೂತರು. ಇನ್ನೊಬ್ಬರ ಕಾರಿನ ಹಿಂಬದಿಯಲ್ಲಿ ಇಸ್ತ್ರಿಯಾದ ಇನ್ನೊಂದು ದಿಶ್‌ದಾಶಾ ತೂಗುತ್ತಿತ್ತು. ತೋಳಿನ ಗೀರು ಚಾಕುವಿನಷ್ಟು ಹರಿತ. ಇಲ್ಲಿ ಸುಕ್ಕು ಬಿದ್ದ ದಿಶ್‌ದಾಶಾ ತೊಟ್ಟವನು ಮೈಗಳ್ಳ, ಅಥವಾ ಮನೆಯಲ್ಲಿ ಕೇಳುವವರಿಲ್ಲದವನು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುವ ಗಾದೆ ಬಾಯಲ್ಲಿ ಸದಾ ಇರುತ್ತಿತ್ತು, ಬುದ್ಧಿಗೆ ಮಾತ್ರ ಇಳಿದಿರಲಿಲ್ಲ.

ಹೇಳಿಬಿಡೋಣವೆಂದು ಎರಡು ಸಲ ಮುದೀರ್ ಕೋಣೆಯ ಬಾಗಿಲವರೆಗೆ ಹೋದೆ. ಎರಡು ಸಲವೂ ಯಾವುದೋ ರಿಪೋರ್ಟಿಗೆ ಸಹಿ ಹಾಕಿಸಿಕೊಂಡು ವಾಪಸು ಬಂದೆ. ಅವರು ತೊಡಲೇಬೇಕು ಎಂದು ಹಟ ಹಿಡಿದಿದ್ದವಳು ಈಗ ದೇವರೇ, ತೊಡದಿರಲಿ, ಡ್ರೈವರನಿಗೇ ಕೊಟ್ಟುಬಿಡಲಿ ಎಂದು ಬೇಡಿಕೊಳ್ಳತೊಡಗಿದೆ.

ಬೀಳ್ಕೊಡುಗೆಯ ದಿನ ಅವರು ಅದನ್ನೇ ತೊಟ್ಟು ಸಭೆಯ ಕೋಣೆಗೆ ಬಂದರು. ನಾನು ಸುಕ್ಕು ಹುಡುಕಿದೆ. ಆದರೆ ಬಟ್ಟೆಯ ಮೇಲೆ ಒಂದು ಗೆರೆಯೂ ಇರಲಿಲ್ಲ. ಬೆಳ್ಳಗೆ, ನೆಟ್ಟಗೆ, ಹೊಸ ಕಾಗದದ ಹಾಳೆಯ ಹಾಗಿತ್ತು. ಅರ್ಧ ಗಂಟೆ ನಾನು ಗೆದ್ದೆ ಎಂದುಕೊಂಡೆ. ಎಲ್ಲರಿಗೂ ಕಹ್ವಾ ಕಾಫಿ, ಖರ್ಜೂರ, ಸಮೋಸಾ ಬಂತು, ಭಾಷಣ ಶುರುವಾಯಿತು. ಮುದೀರ್ ಮಾತ್ರ ಗೋಡೆಯ ಪಕ್ಕ ನಿಂತೇ ಇದ್ದರು. ಅವರಿಗೆಂದು ಇಟ್ಟಿದ್ದ ದೊಡ್ಡ ಕುರ್ಚಿ ಖಾಲಿ. ಯಾರೋ ಕೂರಲು ಹೇಳಿದರೆ, ಮೂವತ್ತು ವರ್ಷ ಕೂತದ್ದು ಸಾಕಾಯಿತು ಎಂದು ನಗಿಸಿದರು. ಎರಡನೇ ಭಾಷಣ, ಮೂರನೆಯದು. ಅವರು ಒಮ್ಮೆ ಬಲಗಾಲಿನ ಮೇಲೆ, ಒಮ್ಮೆ ಎಡಗಾಲಿನ ಮೇಲೆ ಭಾರ ಹಾಕುತ್ತಿದ್ದರು. ಮಂಡಿನೋವಿಗೆ ಎರಡು ಮೆಟ್ಟಿಲಿಗೂ ಲಿಫ್ಟ್ ಹಿಡಿಯುವ ಮನುಷ್ಯ.

ಗೆಳತಿ ನನ್ನ ಕಿವಿಯ ಬಳಿ ಬಾಗಿದರು. "ಬೆಳಿಗ್ಗೆ ಬರುವಾಗ ಬೇರೆಯದ್ದೇ ಹಾಕಿದ್ದರು ಮಾರಾಯ್ರೆ. ಇದನ್ನು ಹ್ಯಾಂಗರಿನಲ್ಲಿ ಕೈಯಲ್ಲಿ ಹಿಡ್ಕೊಂಡು ಬಂದು, ರೂಮಿನಲ್ಲಿ ಚೇಂಜ್ ಮಾಡಿದ್ದು. ಕೂತರೆ ಮುದುಡ್ತದೆ ಅಂತ ಅವರಿಗೆ ಗೊತ್ತುಂಟು. ನೀವು ಆರಿಸಿದ್ದು ಅಂತ ಎಲ್ಲರಿಗೂ ಗೊತ್ತಲ್ವಾ?"

ಆಗ ಆದಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ನನ್ನ ಜಂಬ ಉಳಿಸಲು ಆ ವಯಸ್ಸಿನ ಮನುಷ್ಯ ನೋಯುವ ಮಂಡಿಯ ಮೇಲೆ ಒಂದು ಗಂಟೆಯಿಂದ ನಿಂತಿದ್ದರು. ಭಾಷಣ ನಡೆಯುತ್ತಿದ್ದಂತೆಯೇ ಎದ್ದು, ಆ ದೊಡ್ಡ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಅವರ ಹಿಂದೆ ಇಟ್ಟೆ. ಎಲ್ಲರೂ ತಿರುಗಿ ನೋಡಿದರು.

"ಸರ್, ಈ ಬಟ್ಟೆ ಆರಿಸಿದ್ದು ನನ್ನ ತಪ್ಪು" ಎಂದು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದೆ. "ಅಂಗಡಿಯವರು ಬೇಡ ಅಂದಿದ್ದರು, ನಾನೇ ಕೇಳಲಿಲ್ಲ. ಇದು ಮುದುಡುವ ಬಟ್ಟೆ. ನೀವು ದಯವಿಟ್ಟು ಕೂತುಕೊಳ್ಳಿ."

ಮುದೀರ್ ನನ್ನ ಮುಖವನ್ನೇ ನೋಡಿದರು. "ತಪ್ಪಿನ ರಿಪೋರ್ಟನ್ನು ಮೂರು ವಾರ ತಡವಾಗಿ ಕೊಡುತ್ತಿದ್ದೀಯ" ಎಂದರು. ಕೋಣೆಯೆಲ್ಲ ನಕ್ಕಿತು. ಅವರು ಎರಡೂ ಕೈ ಮಂಡಿಗೆ ಊರಿ, ಯಾ ಅಲ್ಲಾ ಎಂದು ನಿಡಿದಾಗಿ ಉಸಿರು ಬಿಟ್ಟು ಕುಳಿತರು. ತೊಡೆಯ ಮೇಲೆ, ಹೊಟ್ಟೆಯ ಮೇಲೆ ಗೆರೆಗಳು ಒಂದೊಂದಾಗಿ ಎದ್ದವು. ಅವರು ಅದನ್ನು ನೋಡಿಕೊಂಡು ತಟ್ಟೆಯ ಸಮೋಸಾಕ್ಕೆ ಕೈಹಾಕಿದರು.

ಮಧ್ಯಾಹ್ನ ಎಲ್ಲರೂ ಅವರನ್ನು ಕಾರಿನವರೆಗೆ ಕಳಿಸಲು ಹೋದೆವು. ಇಸ್ತ್ರಿ ಹಾಕಿದ್ದ ಬೆಳಗಿನ ದಿಶ್‌ದಾಶಾ ಅವರ ಕೋಣೆಯಲ್ಲೇ ಇತ್ತು. ಹೊರಡುವ ಮೊದಲು ಅದನ್ನು ಹಾಕಿಕೊಂಡು ಬರುತ್ತಾರೆಂದು ನಾನು ಕಾದೆ, ಕಾಯುತ್ತ ಆಶಿಸಿದೆ ಕೂಡ. ಅವರು ಕೋಣೆಗೆ ಹೋದರು, ಅದನ್ನು ಹ್ಯಾಂಗರಿನ ಸಮೇತ ಕೈಯಲ್ಲಿ ಹಿಡಿದುಕೊಂಡು ಹೊರಬಂದರು. ಕಾವಲಿನವನ ಮುಂದೆ, ಗರಿಗರಿ ಬಟ್ಟೆಯಲ್ಲಿ ನಿಂತಿದ್ದ ಡ್ರೈವರುಗಳ ಮುಂದೆ, ಬೆನ್ನೆಲ್ಲ ಮುದುಡಿದ್ದ ನನ್ನ ಹತ್ತಿಯನ್ನು ತೊಟ್ಟುಕೊಂಡೇ ಮೆಲ್ಲಗೆ ನಡೆದು ಹೋದರು. ಅಳುಮುಂಜಿ ಅನ್ನುವವರು ಅನ್ನಲಿ, ನಾನು ಅಲ್ಲೇ ನಿಂತು ಅತ್ತೆ.