ಏಟು ಬೀಳದ ಮೂರು ವಾರ

ರಾಜಾನುಕುಂಟೆಯ ಅಂಜಿನಮ್ಮ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ರಾಮಕೃಷ್ಣಪ್ಪ ಅದೇ ಗೂಡಿನ ಮೇಸ್ತ್ರಿ. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವನು ಅವಳ ಎರಡು ಹಲ್ಲು ಉದುರಿಸಿದ್ದ, ಒಮ್ಮೆ ಕಾದ ಸೌಟಿನಿಂದ ಬೆನ್ನು ಸುಟ್ಟಿದ್ದ. ೧೯೮೪ರ ಬೇಸಿಗೆಯಲ್ಲಿ, ಎದುರು ಮಾತಾಡಿದಳೆಂದು ಎಡ ಮೊಲೆಯ ಮೇಲೆ ಒದ್ದ. ವಾರ ಕಳೆದರೂ ಊತ ಇಳಿಯಲಿಲ್ಲ. ಒಳಗೆ ಏನೋ ಗಟ್ಟಿಯಾಗಿ ಕೈಗೆ ತಗುಲುತ್ತಿತ್ತು.

ಬಾಗಲಗುಂಟೆಯಲ್ಲಿದ್ದ ಅಕ್ಕ ಮುನಿಕೃಷ್ಣಮ್ಮ ಅವಳನ್ನು ಸಂಜಯನಗರದ ಡಾಕ್ಟರ್ ವೇದವತಿಯವರ ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಅಲ್ಲಿ ಹೊಸದಾಗಿ ಬಂದ ಯಂತ್ರವೊಂದಿತ್ತು. ಕೋಣೆ ಕತ್ತಲು ಮಾಡಿ, ಮೊಲೆಯ ಕೆಳಗೆ ಪ್ರಖರವಾದ ದೀಪ ಹಿಡಿದರೆ ಬೆಳಕು ಕೆಂಪಗೆ ಹಾಯ್ದು ಬರುತ್ತಿತ್ತು; ತೊಂದರೆ ಇದ್ದ ಕಡೆ ಕಪ್ಪಗೆ ಕಾಣುತ್ತಿತ್ತು. ಅಂಜಿನಮ್ಮನದು ಅರ್ಧಕ್ಕರ್ಧ ಕಪ್ಪಾಗಿತ್ತು.

ಏಟು ಬಿದ್ದಿತ್ತೇ ಎಂದು ಡಾಕ್ಟರ್ ಕೇಳಿದರು. ಬಾವಿಕಟ್ಟೆಯ ಮೇಲೆ ಬಿದ್ದೆ ಎಂದಳು. ವೇದವತಿ ದೀಪ ಆರಿಸಿ ಪಕ್ಕದಲ್ಲಿ ಕೂತರು.

"ನೋಡಮ್ಮ, ಹೆಪ್ಪುಗಟ್ಟಿದ ರಕ್ತಾನೂ ಕಪ್ಪಗೆ ಕಾಣತ್ತೆ, ಕ್ಯಾನ್ಸರೂ ಕಪ್ಪಗೆ ಕಾಣತ್ತೆ. ನೀನು ನಿಜ ಹೇಳಿದ್ರೇನೇ ನಂಗೆ ದಾರಿ."

ಅಂಜಿನಮ್ಮ ಹೇಳಿದಳು. ಮೂರು ವಾರದಲ್ಲಿ ರಕ್ತ ಕರಗುತ್ತದೆ, ಆಗ ಉಳಿದದ್ದನ್ನು ನೋಡೋಣ, ಅಲ್ಲಿಯವರೆಗೆ ಎದೆಗೆ ಇನ್ನೊಂದು ಏಟು ಬೀಳಕೂಡದು ಎಂದರು ಡಾಕ್ಟರ್.

ಅಕ್ಕನ ಮನೆಯಲ್ಲಿರಲು ನಿಶ್ಚಯಿಸಿ ಬಟ್ಟೆಬರೆ ತರಲು ಊರಿಗೆ ಹೋದಳು. ನಡೆದದ್ದನ್ನೆಲ್ಲ ಗಂಡನಿಗೆ ತಾನೇ ಹೇಳಿದಳು. ಕತ್ತಲ ಕೋಣೆಯಲ್ಲಿ ಯಾರಿಗೆ ಸೆರಗು ಸರಿಸಿದೆ ಎಂದು ಅವನು ತುರುಬು ಹಿಡಿದು ಗೋಡೆಗೆ ಅಪ್ಪಳಿಸಿದ. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅಷ್ಟನ್ನೂ ಸಹಿಸಿದಳು. ಅವನು ಎದೆಗೆ ಒದೆಯಲು ಕಾಲೆತ್ತಿದಾಗ ಮಾತ್ರ ಮೂಲೆಯ ಒನಕೆ ತೆಗೆದು ಮೊಣಕಾಲಿಗೆ ಬೀಸಿದಳು. ಮೂಳೆ ಮುರಿದ ಸದ್ದಾಯಿತು. ಅವನು ಬಿದ್ದ ಮೇಲೂ ಇನ್ನೊಂದು ಹಾಕಿದಳು. ಆಗ ತನ್ನ ಕೈ ನಡುಗಲೇ ಇಲ್ಲವೆಂದು, ಭಯವಾದದ್ದೂ ಅದಕ್ಕೇ ಎಂದು ಆಮೇಲೆ ಅಕ್ಕನಿಗೆ ಹೇಳಿದಳು.

ಮೂರು ವಾರದ ನಂತರ ಮತ್ತೆ ದೀಪ ಹಿಡಿದಾಗ ಕಪ್ಪೆಲ್ಲ ಕರಗಿ, ಹುಣಿಸೆಬೀಜದಷ್ಟು ಮಾತ್ರ ಹಾಗೆಯೇ ನಿಂತಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ ಆಗಿತ್ತು. ಒದೆತದಿಂದ ಬಂದದ್ದಲ್ಲ, ಮೊದಲಿಂದಲೂ ಇತ್ತು ಎಂದು ಡಾಕ್ಟರ್ ವಿವರಿಸಿದರು. ಮೊಲೆ ತೆಗೆದರು.

ಗಾಯ ಮಾಗುವ ಹೊತ್ತಿಗೆ ರಾಮಕೃಷ್ಣಪ್ಪ ಕೋಲೂರಿಕೊಂಡು, ಊರಿನ ಇಬ್ಬರು ಹಿರಿಯರ ಜೊತೆ ಬಾಗಲಗುಂಟೆಗೆ ಬಂದ. ಗಂಡನ ಮನೆಗೆ ಬಾ ಎಂದು ಹಿರಿಯರು ಬುದ್ಧಿ ಹೇಳಿದರು. ಅಂಜಿನಮ್ಮ ಜಗಲಿಯಿಂದ ಏಳಲಿಲ್ಲ.

"ಇನ್ನೊಂದು ಉಳ್ಕಂಡೈತೆ. ಅದುಕ್ಕೂ ಒದೆಯಾಕೆ ಕರೀತಾವ್ನಾ, ಕೇಳಿ ನೀವೇ."

ಹಿರಿಯರು ಅಕ್ಕ ಕೊಟ್ಟ ಕಾಫಿ ಕುಡಿದು ಅವನನ್ನು ಕರೆದುಕೊಂಡು ಹೊರಟುಹೋದರು. ಅಂಜಿನಮ್ಮ ಊದುಬತ್ತಿ ಹೊಸೆಯುವ ಕೆಲಸಕ್ಕೆ ಸೇರಿದಳು. ಆಪರೇಷನ್ ಆದಮೇಲೆ ಎಡಗೈ ಪೂರ್ತಿ ಮೇಲೇಳುತ್ತಿರಲಿಲ್ಲ. ತಲೆ ಬಾಚುವುದು ಅಕ್ಕನ ಪಾಲಿಗೆ ಬಂತು.